‘ವಿಲ್ ಬಿ’ ಜೊತೆಗೆ ‘ಇಂಗ್’: ಇಂಗ್ಲಿಷ್‌ನಲ್ಲಿ ‘ಮಾಡ್ತಾ ಇರ್ತೀನಿ’ ಅನ್ನೋದು ಹೇಗೆ?

ಭಾನುವಾರ ರಜೆ ಅಂತ ತಿಳಿಸೋಕೆ ‘ಶಾಪ್ ವಿಲ್ ಬಿ ಕ್ಲೋಸಿಂಗ್ ಆನ್ ಸಂಡೇ’ ಎಂದು ಬೋರ್ಡ್ ಹಾಕಿದರೆ, ಅಂಗಡಿಯನ್ನೇ ಖಾಯಂ ಮುಚ್ಚುತ್ತಿದ್ದಾರೆ ಎಂದು ಗಿರಾಕಿ ತಿಳಿಯಬಹುದು. ರಜೆಗೆ ‘ವಿಲ್ ಬಿ ಕ್ಲೋಸ್ಡ್’ ಸರಿ. ‘ವಿಲ್ ಬಿ ಕ್ಲೋಸಿಂಗ್ ಅಟ್ ಏಟ್’ ಅಂದರೆ ಎಂಟಕ್ಕೆ ಬಾಗಿಲು ಹಾಕ್ತೀವಿ ಅಂತ. ‘ವಿಲ್ ಬಿ’ ಮುಂದೆ ‘ಇಂಗ್’ ಸೇರಿದ ಕ್ರಿಯಾಪದ ಬರುವ ಈ ರೂಪಕ್ಕೆ ವ್ಯಾಕರಣದಲ್ಲಿ ಫ್ಯೂಚರ್ ಕಂಟಿನ್ಯೂಯಸ್ ಎಂದು ಹೆಸರು.

ಇದರ ಮೊದಲ ಅರ್ಥ, ಮುಂದೆ ಒಂದು ಹೊತ್ತಿನಲ್ಲಿ ಕೆಲಸ ನಡೀತಾ ಇರುತ್ತದೆ ಎಂಬುದು. ‘ಅಟ್ ಟೆನ್ ಐ ವಿಲ್ ಬಿ ಅನ್‌ಲೋಡಿಂಗ್ ಸ್ಟಾಕ್’ ಎಂದರೆ ಹತ್ತಕ್ಕೆ ಮಾಲು ಇಳಿಸ್ತಾ ಇರ್ತೀನಿ. ಕೆಲಸ ಅದಕ್ಕೂ ಮುಂಚೆಯೇ ಶುರುವಾಗಿರುತ್ತದೆ. ‘ಐ ವಿಲ್ ಅನ್‌ಲೋಡ್ ಅಟ್ ಟೆನ್’ ಎಂದರೆ ಹತ್ತಕ್ಕೆ ಶುರು.

ವ್ಯಾಪಾರಸ್ಥರಿಗೆ ಹೆಚ್ಚು ಬೇಕಾಗೋದು ಎರಡನೇ ಅರ್ಥ. ‘ವಿಲ್ ಯು ಪೇ ಟುಡೇ?’ ಎಂದರೆ ಇವತ್ತು ದುಡ್ಡು ಕೊಡ್ತೀಯೋ ಇಲ್ವೋ ಎಂದು ಪಟ್ಟು ಹಿಡಿದ ಹಾಗೆ ಕೇಳಿಸಬಹುದು. ‘ವಿಲ್ ಯು ಬಿ ಪೇಯಿಂಗ್ ಟುಡೇ?’ ಎಂದರೆ ಇವತ್ತು ಕೊಡೋ ಪ್ಲಾನ್ ಇದೆಯಾ ಎಂದು ಮೆತ್ತಗೆ ವಿಚಾರಿಸಿದ ಹಾಗೆ. ಇಲ್ಲಿ ‘ಕೊಡ್ತಾ ಇರೋದು’ ಅನ್ನೋ ಅರ್ಥವೇ ಇಲ್ಲ, ಮೊದಲೇ ಗೊತ್ತಾದ ಕೆಲಸ ಅಷ್ಟೆ. ಸಾಲ ವಸೂಲಿಗೆ ಯಾವುದು ಉಪಯೋಗ ಅನ್ನೋದು ಗಿರಾಕಿ ಮೇಲೆ ಹೋಗುತ್ತದೆ! ಮಾಲು ಕಳಿಸುವವರ ಮೆಸೇಜಲ್ಲೂ ಇದೇ ವ್ಯತ್ಯಾಸ. ‘ಐ ವಿಲ್ ಸೆಂಡ್ ಟುಮಾರೋ’ ಎಂಬುದನ್ನು ಕೊಟ್ಟ ಮಾತು ಎಂದು ಹಿಡಿಯಬಹುದು. ‘ಐ ವಿಲ್ ಬಿ ಸೆಂಡಿಂಗ್ ಟುಮಾರೋ’ ಎಂಬುದು ಹೆಚ್ಚಾಗಿ ತಮ್ಮ ಏರ್ಪಾಡು ತಿಳಿಸುವ ಮಾತು.

ಕನ್ನಡದವರು ಎಡವುವುದು ‘ಇರ್ತಾನೆ’ ಎಂಬಲ್ಲಿ. ‘ಅವನು ಸಂಜೆ ಅಂಗಡಿಗೆ ಬರ್ತಿರ್ತಾನೆ’ ಎಂದರೆ ಆಗಾಗ ಬರೋ ರೂಢಿ ಇದೆ ಎಂದು. ಅದನ್ನ ಹಾಗೇ ‘ಹೀ ವಿಲ್ ಬಿ ಕಮಿಂಗ್’ ಮಾಡಿದರೆ, ಇಂಗ್ಲಿಷ್ ಓದುವವರು ಇವತ್ತು ಸಂಜೆ ಬರ್ತಾನೆ ಎಂದು ಕಾಯುತ್ತಾರೆ. ರೂಢಿಗೆ ‘ಹೀ ಆಫನ್ ಕಮ್ಸ್’ ಸಾಕು. ಆದರೆ ‘ಈಗ ಮಲಗಿರ್ತಾನೆ, ಫೋನ್ ಮಾಡಬೇಡ’ ಎಂಬ ಊಹೆಗೆ ‘ಹೀ ವಿಲ್ ಬಿ ಸ್ಲೀಪಿಂಗ್ ನೌ’ ಸರಿಯಾಗಿಯೇ ಹೊಂದುತ್ತದೆ.

ಬೇರೆ ದಾರಿಗಳೂ ಇವೆ. ‘ವಿಲ್ ಬಿ’ ಬದಲು ‘ಗೋಯಿಂಗ್ ಟು ಬಿ’ ಹಾಕಬಹುದು. ಟಿಕೆಟ್ ಬುಕ್ ಆಗಿದ್ದರೆ ‘ಐ ಆಮ್ ಗೋಯಿಂಗ್ ಟು ಬೆಂಗಳೂರು ಟುಮಾರೋ’ ಎಂದರೂ ನಾಳೆಯ ಮಾತೇ. ‘ನೀವು ಬಂದಾಗ’ ಅನ್ನೋಕೆ ‘ವೆನ್ ಯು ಕಮ್’ ಎಂದೇ ಹೇಳಬೇಕು, ಅಲ್ಲಿ ‘ವಿಲ್’ ಬೇಡ. ‘ವಿಲ್ ಬಿ ನೋಯಿಂಗ್’ ಕೂಡ ತಪ್ಪು. ಗೊತ್ತಿರುವುದು, ಬೇಕಾಗುವುದು ಇಂಥವಕ್ಕೆ ‘ವಿಲ್ ನೋ’, ‘ವಿಲ್ ನೀಡ್’ ಎಂದರೆ ಮುಗೀತು.