ಚುನಾವಣೆಯ ಹಣ ಮತ್ತು ಅಮೆರಿಕದ ಕಾನೂನು

ಅಮೆರಿಕದ ಫೆಡರಲ್ ಚುನಾವಣೆಗಳಿಗೆ ಕಂಪೆನಿಗಳು ದೇಣಿಗೆ ನೀಡಬಾರದೆಂಬ ನಿಷೇಧವು 1907ರ ಟಿಲ್ಮನ್ ಕಾಯಿದೆಯಷ್ಟು ಹಳೆಯದು. ಕಾಯಿದೆಯೇನೋ ಇತ್ತು, ಅದನ್ನು ಜಾರಿಗೊಳಿಸಲು ಪ್ರತ್ಯೇಕ ಸಂಸ್ಥೆಯಿರಲಿಲ್ಲ. ವಾಟರ್‌ಗೇಟ್ ಹಗರಣದ ತರುವಾಯ, 1974ರ ತಿದ್ದುಪಡಿಯು ಚುನಾವಣಾ ಆಯೋಗವನ್ನು ಸ್ಥಾಪಿಸಿ, ವ್ಯಕ್ತಿಯೊಬ್ಬನು ಒಂದು ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಕೊಡಬಹುದಾದ ದೇಣಿಗೆಯನ್ನು 1,000 ಡಾಲರಿಗೆ ಸೀಮಿತಗೊಳಿಸಿತು.

1976ರ ಬಕ್ಲಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಣಿಗೆಯ ಮಿತಿಯನ್ನು ಎತ್ತಿಹಿಡಿದು, ವೆಚ್ಚದ ಮಿತಿಯನ್ನು ತಳ್ಳಿಹಾಕಿತು. ವೆಚ್ಚಕ್ಕೆ ಕಡಿವಾಣ ಹಾಕಿದರೆ ವಾಕ್ ಸ್ವಾತಂತ್ರ್ಯಕ್ಕೇ ಹಾಕಿದಂತೆ ಎಂಬುದು ಅದರ ನಿಲುವು. (ಬಡವನ ವಾಕ್ಕು ಎಷ್ಟು ದೂರ ಕೇಳಿಸೀತೆಂಬುದು ಬೇರೆ ಮಾತು.) ಅದೇ ತರ್ಕ ಬೆಳೆದು, ಅಭ್ಯರ್ಥಿಯೊಡನೆ ಸಮಾಲೋಚಿಸದೆ ಕಂಪೆನಿಗಳೂ ಸಂಘಗಳೂ ಎಷ್ಟಾದರೂ ವ್ಯಯಿಸಬಹುದೆಂದು 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪು ಸಾರಿತು.

ಇನ್ನು ನಮ್ಮವರ ಮಾತು. ಗ್ರೀನ್ ಕಾರ್ಡ್ ಹೊಂದಿದವರು ಫೆಡರಲ್ ಚುನಾವಣೆಗಳಲ್ಲಿ ಮತ ಹಾಕುವಂತಿಲ್ಲ, ದೇಣಿಗೆ ಕೊಡಬಹುದು. ಎಚ್-1ಬಿ ವೀಸಾದವರಿಗೆ ಎರಡೂ ನಿಷಿದ್ಧ. ಅನ್ಯರ ಹಣವನ್ನು ತಮ್ಮ ಹೆಸರಿನಲ್ಲಿ ಕೊಡುವುದಂತೂ ಎಲ್ಲರಿಗೂ ಕಾನೂನುಬಾಹಿರ.