ಸೂರ್ಯ–ಚಂದ್ರ ಇರೋವರೆಗೆ ಅಂದ್ರೆ ಎಷ್ಟು ದಿನ?

ಇವತ್ತು ಒಂದು ಇಂಗ್ಲಿಷ್ ಪದದಿಂದ ಶುರು ಮಾಡೋಣ: ಲಾಂಗ್‌ಸ್ಟ್ಯಾಂಡಿಂಗ್.

ಹಾಸನದಿಂದ ದುದ್ದಕ್ಕೆ ಬಸ್ಸಲ್ಲಿ ಬರ್ತಿದ್ದೆ. ಪಕ್ಕದ ಹುಡುಗ ಮೊಬೈಲಲ್ಲಿ ಸುದ್ದಿ ಓದ್ತಾ, "ಅಣ್ಣ, ಲಾಂಗ್‌ಸ್ಟ್ಯಾಂಡಿಂಗ್ ಡಿಸ್ಪ್ಯೂಟ್ ಅಂದ್ರೆ?" ಅಂದ. "ಬಹುಕಾಲದಿಂದ ಇರೋ ವ್ಯಾಜ್ಯ" ಅಂದೆ. "ಹಾಗಾದ್ರೆ ಮುಗಿಯೋದೇ ಇಲ್ವಾ?"

ಹಾಗಲ್ಲ. ಈ ಪದ ಎಣಿಸೋದು ಹಿಂದಿನಿಂದ ಇವತ್ತಿನವರೆಗೆ ಮಾತ್ರ. ಹಳೇ ಗೆಳೆತನ, ಹಳೇ ಬೇಡಿಕೆ, ಹಳೇ ಪದ್ಧತಿ, ಇವಕ್ಕೆಲ್ಲ ಬಳಸಬಹುದು. ನಾಳೆ ಬಗ್ಗೆ ಅದು ಏನೂ ಹೇಳಲ್ಲ.

ನಾಳೆ ಬಗ್ಗೆ ಮಾತು ಕೊಡೋ ಪದ ನಮ್ಮ ಜಿಲ್ಲೆಯ ಕಲ್ಲುಗಳ ಮೇಲಿದೆ: ಆಚಂದ್ರಾರ್ಕ. ಅರ್ಕ ಅಂದ್ರೆ ಸೂರ್ಯ. ಚಂದ್ರ, ಸೂರ್ಯ ಇರೋವರೆಗೆ ಅಂತ ಅರ್ಥ. ದೇವಸ್ಥಾನಕ್ಕೋ ಬ್ರಾಹ್ಮಣರಿಗೋ ಭೂಮಿ ದಾನ ಕೊಟ್ಟಾಗ ಶಾಸನದಲ್ಲಿ ಹೀಗೆ ಬರೆಸ್ತಿದ್ರು. ಎಷ್ಟೋ ಕಲ್ಲುಗಳ ನೆತ್ತಿಯಲ್ಲಿ ಸೂರ್ಯ–ಚಂದ್ರರ ಚಿತ್ರವೂ ಇರುತ್ತೆ. ಓದು ಬಾರದವರಿಗೂ ಅರ್ಥವಾಗೋ ಭಾಷೆ ಅದು. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟ ತೆರೆದರೆ ಇಂಥ ದಾನಗಳ ಸಾಲೇ ಸಿಗುತ್ತೆ.

ಆದರೆ ಕೊನೆಯಲ್ಲಿ ಶಾಪವೂ ಇರುತ್ತೆ: ದಾನದ ಭೂಮಿ ಕಿತ್ತುಕೊಂಡವನು 60,000 ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಅಂತ. ಶಾಶ್ವತ ಅನ್ನೋ ನಂಬಿಕೆ ಗಟ್ಟಿಯಾಗಿದ್ದರೆ ಶಾಪ ಯಾಕೆ ಬೇಕಿತ್ತು? ಮುಂದಿನ ರಾಜ ಕಿತ್ತುಕೊಳ್ಳಬಹುದು ಅನ್ನೋ ಭಯ ಅವರಿಗೂ ಇತ್ತು.

ಕೊನೆಗೆ ಆ ಮಾತು ಮುಗಿಸಿದ್ದು ರಾಜನಲ್ಲ, ಶಾಸನಸಭೆ. ಮೈಸೂರು ರಾಜ್ಯದ 1954ರ ಕಾಯ್ದೆ ವೈಯಕ್ತಿಕ ಇನಾಮುಗಳನ್ನೂ, 1955ರ ಕಾಯ್ದೆ ಧಾರ್ಮಿಕ ಇನಾಮುಗಳನ್ನೂ ರದ್ದು ಮಾಡಿದವು. ಸೂರ್ಯ, ಚಂದ್ರ ಇಬ್ಬರೂ ಇದ್ದರು, ಇನಾಮು ಹೋಯ್ತು.

ಆಗ ಭೂಮಿ ಯಾರಿಗೆ? ಅದೇ ಕಾಯ್ದೆಯಲ್ಲಿ ಇನ್ನೊಂದು ಪದ ಇದೆ: ಕದೀಂ. ಅರಬ್ಬಿ ಮೂಲದ ಈ ಪದಕ್ಕೆ ಹಳೆಯದು, ಬಹುಕಾಲದ್ದು ಅಂತ ಅರ್ಥ. ಇನಾಮು ಭೂಮಿ ಉಳುತ್ತಿದ್ದ ಕದೀಂ ಗೇಣಿದಾರರು ಷರತ್ತುಗಳ ಮೇಲೆ ತಮ್ಮ ಹೆಸರಿಗೇ ಭೂಮಿ ನೋಂದಾಯಿಸಿಕೊಳ್ಳಬಹುದಾಯ್ತು. ಅಂದ್ರೆ ನಮ್ಮ ಲಾಂಗ್‌ಸ್ಟ್ಯಾಂಡಿಂಗ್ ಇದೇ! ಕಲ್ಲಿನ ಮೇಲಿನ 'ಮುಂದೆಂದೂ' ಸೋತಿತು, ನೇಗಿಲು ಹಿಡಿದವರ 'ಹಿಂದಿನಿಂದಲೂ' ಗೆದ್ದಿತು.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಬಹುಕಾಲದ್ದು ಅಂದ ಮಾತ್ರಕ್ಕೆ ಎಂದೆಂದಿಗೂ ಅಂತಲ್ಲ, ಮಾರಾಯ.

ನಿಮ್ಮೂರಲ್ಲೂ ಸೂರ್ಯ–ಚಂದ್ರ ಕೆತ್ತಿದ ಕಲ್ಲು ಇರಬಹುದು. ಇದ್ದರೆ ಬಟ್ಟೆ ಒಗೆಯೋಕೆ ಬಿಡಬೇಡಿ. ಮನೆಯ ಹಳೇ ಪತ್ರಗಳಲ್ಲಿ ಕದೀಂ ಅಂತಿದೆಯಾ, ಅಜ್ಜನ್ನೂ ಕೇಳಿ. ಮುಂದಿನ ವಾರ ಸಿಗೋಣ.