ಭೂವಿಜ್ಞಾನ ಎಂಎಸ್ಸಿ: ಬಿಎಸ್ಸಿ ಸೇರುವಾಗಲೇ ನೋಡಿಕೊಳ್ಳಿ

ಚಾಂಪಿಯನ್ ರೀಫ್ಸ್: ಇಲ್ಲಿನ 3 ಕಿ.ಮೀ.ಗೂ ಆಳದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಭೂವಿಜ್ಞಾನಿಗಳಿಗೆ ಕೆಲಸ ಮಾತ್ರ ನಿಂತಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂವಿಜ್ಞಾನಿ ಹುದ್ದೆಗೆ ಯುಪಿಎಸ್‌ಸಿ ಪರೀಕ್ಷೆ ಬರೆಯೋಕೆ ಸ್ನಾತಕೋತ್ತರ ಪದವಿ ಬೇಕೇ ಬೇಕು.

ಎಡವೋದು ಬಿಎಸ್ಸಿಯಲ್ಲಿ. ಅಲ್ಲಿ ಭೂವಿಜ್ಞಾನ ಓದದಿದ್ದರೆ ಹೆಚ್ಚಿನ ಕಡೆ ಎಂಎಸ್ಸಿ ಸೀಟು ಕಷ್ಟ. ಹತ್ತಿರದ ಕಾಲೇಜು ಅಂತ ಸಿಕ್ಕಿದ ಕಾಂಬಿನೇಷನ್ ತಗೊಂಡರೆ ಮುಂದೆ ದಾರಿ ಮುಚ್ಚಿದಂತೆ.

ಐಐಟಿಗಳಿಗೆ ‘ಜಾಮ್’ ಪರೀಕ್ಷೆಯ ಭೂವಿಜ್ಞಾನ ಪತ್ರಿಕೆ ಬರೆಯಬೇಕು. ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಶುರು, ಪರೀಕ್ಷೆ ಫೆಬ್ರವರಿಯಲ್ಲಿ. ಅಂದರೆ ಪದವಿಯ ಕೊನೇ ವರ್ಷದಲ್ಲೇ ಹಾಕಬೇಕು. ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳ ಪ್ರಕಟಣೆ ಬೇರೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಮೊದಲೇ ಹೋಗಿಬನ್ನಿ.

ಫೀಸಿನ ಜೊತೆಗೆ ಕ್ಷೇತ್ರಕಾರ್ಯ ಎಷ್ಟು ದಿನ ಅಂತಲೂ ಕೇಳಿ. ಬಂಡೆ ಮುಟ್ಟದೆ ಕಲಿಯುವ ವಿದ್ಯೆ ಇದಲ್ಲ.